ಒಣ ಬೇಸಾಯದ ಸಣ್ಣ ಹಿಡುವಳಿಗಳ ಬಾಳಿಕೆಯನ್ನು ಪರೀಕ್ಷಿಸುವ ಕ್ರಮ

ಮಳೆಯನ್ನೇ ನಂಬಿದ ಸೀಮೆಗಳಲ್ಲಿ ಒಂದು ಹೊಲದ ಬೇಸಾಯವು ಒಳ್ಳೆಯದೋ ಅಲ್ಲವೋ ಎಂಬುದನ್ನು ಸುಗ್ಗಿಯ ಕಾಲದಲ್ಲಿ ಕಣದ ರಾಶಿಯನ್ನು ನೋಡಿ ನಿರ್ಧರಿಸುವುದು ವಾಡಿಕೆಯಾಗಿದೆ. ಆದರೆ ಒಂದು ವರ್ಷದ ರಾಶಿಯು ಆ ವರ್ಷದ ಮಳೆಯ ಗುಣವನ್ನು ತಿಳಿಸುವುದೇ ಹೊರತು ಬೇಸಾಯದ ಗುಣವನ್ನು ತಿಳಿಸಲಾರದು. ಮಳೆ ತಪ್ಪಿದ ವರ್ಷವು ಕಳೆದ ಮೇಲೆ ಮಣ್ಣು, ನೀರು, ದನಕರು, ಬಿತ್ತನೆಯ ಬೀಜ ಇವು ಹಿಂದಿನಂತೆಯೇ ಉಳಿದು, ಒಕ್ಕಲು ಮನೆಯು ತೀರಿಸಲಾಗದ ಸಾಲಕ್ಕೆ ಬೀಳದೆ ಮತ್ತೆ ಬಿತ್ತಲು ಶಕ್ತವಾಗಿದ್ದರೆ ಮಾತ್ರ ಆ ಹಿಡುವಳಿಯು ಬಾಳತಕ್ಕದ್ದೆಂದು ಹೇಳಬಹುದು. ಇದನ್ನು ಪರೀಕ್ಷಿಸಲು ಬೆಲೆಬಾಳುವ ಯಂತ್ರಗಳೇನೂ ಬೇಕಿಲ್ಲ. ಒಂದು ಲೆಕ್ಕದ ಪುಸ್ತಕ, ಒಂದು ಕಬ್ಬಿಣದ ಸಲಾಕೆ, ಒಂದು ಅಳತೆಯ ಹಗ್ಗ ಇಷ್ಟಿದ್ದರೆ ಸಾಕು.

ವಿಜಯಪುರ ಜಿಲ್ಲೆಯ ಎರೆ ಭೂಮಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಲ್ಲಿ ವರ್ಷದ ಸರಾಸರಿ ಮಳೆಯು ಸುಮಾರು 600 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ತಿಂಗಳ ಸುಮಾರಿನಲ್ಲಿ ಬೀಳುವುದರಿಂದ ಹಿಂಗಾರಿ ಜೋಳವೂ ಕಡಲೆಯೂ ನೆಲದಲ್ಲಿ ಉಳಿದ ತೇವದ ಮೇಲೆಯೇ ಬೆಳೆಯಬೇಕಾಗುವುದು. 1876-78ರ ಧಾತು ಈಶ್ವರ ಸಂವತ್ಸರಗಳ ಬರವನ್ನೂ 1972ರ ಬರವನ್ನೂ ಕಂಡ ಸೀಮೆಯಿದು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು ಮೊದಲಾದೆಡೆಗಳಲ್ಲಿ ಒಣ ಬೇಸಾಯದ ಸಂಶೋಧನೆಯನ್ನು ಪ್ರಾರಂಭಿಸಿದುದು ಇಂತಹ ಭೂಮಿಗಳ ಕಷ್ಟವನ್ನು ಅರಿತೇ. ಪರೀಕ್ಷಿಸತಕ್ಕ ವಿಷಯಗಳು ಐದು.

1. ಫಸಲಿನ ಏರುಪೇರು. ನಾಲ್ಕು ನಾಲ್ಕು ಎಕರೆಯ ಎರಡು ಹಿಡುವಳಿಗಳನ್ನು ಕಲ್ಪಿಸಿಕೊಳ್ಳಿರಿ. ಮೊದಲನೆಯದರಲ್ಲಿ ಐದು ವರ್ಷಗಳ ಜೋಳದ ಇಳುವರಿಯು ಎಕರೆಗೆ ಕ್ರಮವಾಗಿ 6, 1, 5, 0, 8 ಕ್ವಿಂಟಾಲ್. ಎರಡನೆಯದರಲ್ಲಿ 4, 3, 4, 2, 5 ಕ್ವಿಂಟಾಲ್. ಸರಾಸರಿಯನ್ನು ನೋಡಿದರೆ ಮೊದಲನೆಯದೇ ಮೇಲು. ಆದರೆ ಐದು ಮಂದಿಯ ಸಂಸಾರಕ್ಕೆ ತಲೆಯೊಂದಕ್ಕೆ ದಿನಕ್ಕೆ 400 ಗ್ರಾಂ ಕಾಳೆಂದರೆ ವರ್ಷಕ್ಕೆ 7 ಕ್ವಿಂಟಾಲ್ 30 ಕಿಲೋ ಬೇಕಾಗುವುದು. ಎರಡನೆಯ ಹಿಡುವಳಿಯು ತನ್ನ ಅತಿ ಕೆಟ್ಟ ವರ್ಷದಲ್ಲಿಯೂ 8 ಕ್ವಿಂಟಾಲ್ ಕೊಟ್ಟು ಊಟವನ್ನೂ ಬೀಜವನ್ನೂ ಉಳಿಸಿತು. ಮೊದಲನೆಯದು ನಾಲ್ಕನೆಯ ವರ್ಷ ಏನನ್ನೂ ಕೊಡಲಿಲ್ಲ. ಒಳ್ಳೆಯ ವರ್ಷದ ಜೋಳವನ್ನು ಕೂಡಿಟ್ಟಿದ್ದರೆ ಆ ಸಂಸಾರವೂ ಉಳಿದೀತು. ಹಿಂದಿನವರು ಹಗೇವುಗಳನ್ನು ತೋಡಿ ಕಾಳನ್ನು ತುಂಬಿಡುತ್ತಿದ್ದುದು ಈ ಉದ್ದೇಶದಿಂದಲೇ. ಸುಗ್ಗಿಯಲ್ಲಿಯೇ ಎಲ್ಲವನ್ನೂ ಮಾರಿದ ಮನೆಯಾದರೆ ಎತ್ತುಗಳನ್ನು ಮಾರಬೇಕಾಗುವುದು. ಆದುದರಿಂದ ಸರಾಸರಿಯನ್ನು ಕೇಳುವುದಕ್ಕೆ ಮುಂಚೆ ಅತಿ ಕೆಟ್ಟ ವರ್ಷದ ಇಳುವರಿಯನ್ನು ಕೇಳತಕ್ಕದ್ದು.

2. ಮಣ್ಣು. ಒಂದು ಮೀಟರ್ ಆಳದ ಎರೆ ಮಣ್ಣು ಸುಮಾರು 150ರಿಂದ 200 ಮಿಲಿಮೀಟರ್ ಮಳೆಗೆ ಸಮನಾದ ನೀರನ್ನು ಬೆಳೆಗೆ ಒದಗುವಂತೆ ಹಿಡಿದಿಡಬಲ್ಲದು. ಮಣ್ಣು ತೆಳುವಾದಂತೆಲ್ಲ ಈ ಸಂಗ್ರಹವೂ ಕುಗ್ಗುವುದು. ಒಂದು ಎಕರೆಯ ಮೇಲಿನಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿ ಹೋದರೂ ಅದು ಸುಮಾರು 5 ಟನ್, ಎಂದರೆ ಅರ್ಧ ಟನ್ ಹೊರುವ ಗಾಡಿಯಲ್ಲಿ ಹತ್ತು ಗಾಡಿ. ಮಳೆಯಾದ ಮೇಲೆ ನೆಲ ಮೆತ್ತಗಿರುವಾಗ ಗೊತ್ತಾದ ಸ್ಥಳಗಳಲ್ಲಿ ಸಲಾಕೆಯನ್ನು ಗರಸು ತಗಲುವವರೆಗೆ ಇಳಿಸಿ ಆಳವನ್ನು ಬರೆದಿಡಬೇಕು. ಕೆಲವು ವರ್ಷಗಳಿಗೊಮ್ಮೆ ಅದೇ ಸ್ಥಳಗಳಲ್ಲಿ ಪುನಃ ಅಳೆಯಬೇಕು. ಹಿಂದೆ ಕಾಣದಿದ್ದ ಸುಣ್ಣದ ಕಲ್ಲುಗಳು ಮೇಲೆ ಕಾಣಿಸಿಕೊಳ್ಳುತ್ತಿದ್ದರೆ ಅದು ಅಪಾಯದ ಗುರುತು.

3. ಮೇವು ಮತ್ತು ಗೊಬ್ಬರ. ಒಂದು ಕ್ವಿಂಟಾಲ್ ಜೋಳದ ಕಾಳಿನೊಡನೆ ಸುಮಾರು ಒಂದೂವರೆ ಕಿಲೋ ಸಾರಜನಕವು ಹೊಲವನ್ನು ಬಿಟ್ಟು ಹೋಗುವುದು. ಚೆನ್ನಾಗಿ ಕಾಪಾಡಿದ ಒಂದು ಟನ್ ತಿಪ್ಪೆ ಗೊಬ್ಬರದಲ್ಲಿ ಸುಮಾರು 5 ಕಿಲೋ ಸಾರಜನಕವಿರುವುದು. ತೆಗೆದುದಕ್ಕೂ ಹಿಂದಿರುಗಿಸಿದುದಕ್ಕೂ ಇರುವ ಅಂತರವನ್ನು ಇದರಿಂದ ಲೆಕ್ಕಹಾಕಬಹುದು. ಒಂದು ಜೊತೆ ಎತ್ತುಗಳಿಗೆ ತಲಾ ದಿನಕ್ಕೆ 6 ಕಿಲೋ ಒಣ ಮೇವೆಂದರೆ ವರ್ಷಕ್ಕೆ ಸುಮಾರು 44 ಕ್ವಿಂಟಾಲ್ ಆಗುವುದು. ಬಣವೆಯಲ್ಲಿ ಅಷ್ಟು ಕಣಿಕೆ ಇದೆಯೇ ಎಂದು ನೋಡಬೇಕು. ಎತ್ತುಗಳನ್ನು ಬಿಟ್ಟು ಬಾಡಿಗೆಯ ಟ್ರ್ಯಾಕ್ಟರಿನಿಂದ ಉಳುವವರಿಗೆ ಮೇವಿನ ಚಿಂತೆ ತಪ್ಪಿತಾದರೂ, ಗೊಬ್ಬರವು ಇನ್ನು ಎಲ್ಲಿಂದ ಬರುವುದೆಂಬ ಪ್ರಶ್ನೆಯು ಉಳಿದೇ ಇರುವುದು. ಕಡಲೆ, ಹೆಸರು ಮೊದಲಾದ ದ್ವಿದಳ ಧಾನ್ಯಗಳನ್ನು ಸರದಿಯಲ್ಲಿ ಬೆಳೆಯುವುದರಿಂದ ಈ ಕೊರತೆಯು ಸ್ವಲ್ಪಮಟ್ಟಿಗೆ ತೀರುವುದು.

4. ನೀರು. ಬಾವಿ ಅಥವಾ ಕೊಳವೆ ಬಾವಿ ಇದ್ದಲ್ಲಿ ಪ್ರತಿ ವರ್ಷವೂ ಮುಂಗಾರಿಗೆ ಮುಂಚೆ, ಒಂದೇ ತಿಂಗಳಲ್ಲಿ, ನೀರಿನ ಮಟ್ಟವನ್ನು ಹಗ್ಗದಿಂದ ಅಳೆದು ಬರೆದಿಡತಕ್ಕದ್ದು. ಮಟ್ಟವು ವರ್ಷ ವರ್ಷವೂ ಇಳಿಯುತ್ತಿದ್ದರೆ ಆ ನೀರಿನಿಂದ ಬಂದ ಹಣವನ್ನು ಆದಾಯವೆಂದು ಎಣಿಸಕೂಡದು. ಅದು ಮೂಲಧನವನ್ನೇ ಕರಗಿಸಿ ತಿಂದುದಾಗುವುದು.

5. ಸಾಲ. ಈ ಯುಗಾದಿಯ ಸಾಲವನ್ನು ಹಿಂದಿನ ಯುಗಾದಿಯ ಸಾಲದೊಡನೆ ಹೋಲಿಸಬೇಕು. ಒಡ್ಡು ಹಾಕಿಸಲು ಮಾಡಿದ ಸಾಲವೂ ಊಟಕ್ಕೆ ಮಾಡಿದ ಸಾಲವೂ ಒಂದೇ ಅಲ್ಲವಾದುದರಿಂದ ಅವನ್ನು ಬೇರೆ ಬೇರೆಯಾಗಿ ಬರೆಯತಕ್ಕದ್ದು. ಮಧ್ಯಮ ವರ್ಷದ ಫಸಲನ್ನು ಮಾರಿದರೂ ಬಡ್ಡಿಯೇ ತೀರದಿದ್ದಲ್ಲಿ, ಹೊಲವು ಹಸುರಾಗಿ ಕಂಡರೂ ಹಿಡುವಳಿಯು ಕುಸಿಯುತ್ತಿದೆಯೆಂದು ತಿಳಿಯಬೇಕು.

ಈ ಐದರಲ್ಲಿ ಒಂದು ಚೆನ್ನಾಗಿದೆಯೆಂದು ಮತ್ತೊಂದರ ಕೊರತೆಯನ್ನು ಮರೆಯಲಾಗದು. ಫಸಲು ಹೆಚ್ಚಿ ಮಣ್ಣು ಸವೆಯುತ್ತಿದ್ದರೆ ಬಾಳಿಕೆ ಇಲ್ಲ. ಮಣ್ಣು ಉಳಿದು ಸಾಲ ಬೆಳೆಯುತ್ತಿದ್ದರೂ ಇಲ್ಲ. ಒಂದೆರಡು ವರ್ಷಗಳ ಲೆಕ್ಕದಿಂದ ತೀರ್ಮಾನಿಸುವುದೂ ಸರಿಯಲ್ಲ. ಕೊನೆಯ ಪಕ್ಷ ಐದು ವರ್ಷಗಳ ಲೆಕ್ಕವಿರಬೇಕು. ಅದರಲ್ಲಿ ಮಳೆ ತಪ್ಪಿದ ವರ್ಷವೊಂದಾದರೂ ಸೇರಿರಬೇಕು.

ಕೊರತೆಯು ಗೊತ್ತಾದ ಮೇಲೆ ಪರಿಹಾರವು ಬಹುಮಟ್ಟಿಗೆ ತಿಳಿದುದೇ ಆಗಿದೆ. ಮುಂಗಾರಿನಲ್ಲಿ ಚೌಕು ಮಡಿಗಳನ್ನು ಮಾಡಿ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವುದು, ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕುಗಳನ್ನು ಮುಚ್ಚುವುದು, ಬೀಜವನ್ನು ತೆಳುವಾಗಿ ಬಿತ್ತುವುದು, ಇವೆಲ್ಲವನ್ನು ಸಣ್ಣ ಹಿಡುವಳಿದಾರನು ತಾನೇ ಮಾಡಬಲ್ಲನು. ಅವನೊಬ್ಬನಿಂದ ಆಗದ ಕೆಲಸವೊಂದಿದೆ. ಎರಡು ಎಕರೆಯವನು ಎಷ್ಟೇ ಭದ್ರವಾಗಿ ಒಡ್ಡು ಹಾಕಿದರೂ ಮೇಲಿನ ಇಪ್ಪತ್ತು ಎಕರೆಯ ನೀರು ಒಮ್ಮೆಲೇ ನುಗ್ಗಿದರೆ ಅದು ಒಡೆಯದೆ ಇರದು. ಎರೆಯಲ್ಲಿ ಬಿರುಕು ಬೀಳುವುದರಿಂದ ಈ ಭಯವು ಮತ್ತಷ್ಟು ಹೆಚ್ಚು. ಇಳಿಜಾರು ಹಿಡುವಳಿಯ ಗಡಿಯನ್ನು ನೋಡಿ ಹರಿಯುವುದಿಲ್ಲ. ಮೇಲಿನ ಹೊಲದ ಮಾಲೀಕರು ತಮ್ಮಲ್ಲಿ ಮೊದಲು ಒಡ್ಡುಗಳನ್ನು ಹಾಕಿಸಿ, ಹೆಚ್ಚಿನ ನೀರು ಕಲ್ಲುಕಟ್ಟಿನ ಕೋಡಿಯ ಮೂಲಕ ಹಳ್ಳಕ್ಕೆ ಸೇರುವಂತೆ ಮಾಡಿದರೆ ಕೆಳಗಿನವರ ಮಣ್ಣು ತಾನಾಗಿ ಉಳಿಯುವುದು.

ಆದುದರಿಂದ ಗ್ರಾಮದ ಮುಖಂಡರು ಬರುವ ಮುಂಗಾರಿಗೆ ಮುಂಚೆ, ಇಳಿಜಾರಿನ ಮೇಲೆ, ನಡುವೆ, ಕೆಳಗೆ ಇರುವ ಮೂರು ಹಿಡುವಳಿಗಳನ್ನಾದರೂ ಆರಿಸಿ, ಒಡೆಯರ ಒಪ್ಪಿಗೆಯಿಂದ ಈ ಲೆಕ್ಕವನ್ನು ಪ್ರಾರಂಭಿಸುವುದು ಯುಕ್ತವಾಗಿದೆ. ಮೂರರ ಪುಟಗಳನ್ನು ಒಟ್ಟಿಗಿಟ್ಟು ನೋಡಿದಾಗ ಯಾರ ಹೊಲದ ಮಣ್ಣು ಯಾರ ಹೊಲದ ನೀರಿನಿಂದ ಹೋಗುತ್ತಿದೆ ಎಂಬುದು ವಾದವಿಲ್ಲದೆ ತಿಳಿಯುವುದು. ಒಡ್ಡು ಎಲ್ಲಿ ಹಾಕಬೇಕೆಂಬ ಮಾತು ಅಲ್ಲಿಂದ ಮೊದಲಾಗಲಿ.