ಅತ್ತೆ ಯಾಕೆ ನಮ್ಮ ಮನೆಯಲ್ಲೇ ಇದ್ದಾಳೆ?

ಈ ಪ್ರಶ್ನೆಯನ್ನು ಮಕ್ಕಳು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ. ಪಕ್ಕದ ಮನೆಯ ಅತ್ತೆ ಹಬ್ಬಕ್ಕೆ ಬಂದು ನಾಲ್ಕು ದಿನ ಇದ್ದು ಹೋಗುತ್ತಾಳೆ. ನಮ್ಮ ಅತ್ತೆ ಮಾತ್ರ ಹಬ್ಬ ಮುಗಿದರೂ ಹೋಗುವುದಿಲ್ಲವಲ್ಲ, ಯಾಕೆ? ಆಗ ಅಜ್ಜಿ "ಹೋಗು, ಆಡ್ಕೋ ಹೋಗು" ಎಂದು ಗದರುತ್ತಾರೆ. ತಾತ ಪತ್ರಿಕೆಯಲ್ಲಿ ಮುಖ ಹುದುಗಿಸುತ್ತಾರೆ. ಮಕ್ಕಳಿಗೆ ಉತ್ತರ ಸಿಗುವುದಿಲ್ಲ. ಇದೇನೋ ಮಾತಾಡಬಾರದ ವಿಷಯ ಎಂಬುದಷ್ಟೇ ತಿಳಿಯುತ್ತದೆ.

ನಾನು ಅಂಥ ಒಬ್ಬ ಅತ್ತೆ. ಒಂಬತ್ತು ವರ್ಷಗಳಿಂದ ಸಾಗರದ ಹತ್ತಿರದ ನಮ್ಮೂರಿನಲ್ಲಿ, ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ಮತ್ತು ಅವರ ಇಬ್ಬರು ಮಕ್ಕಳ ಜೊತೆ ಇದ್ದೇನೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನೇ. ಮಕ್ಕಳಿಗೆ ಅರ್ಥವಾಗುವಂತೆ ಹೇಳುತ್ತೇನೆ, ಅಜ್ಜಿ-ತಾತಂದಿರೂ ಕೇಳಿಸಿಕೊಳ್ಳಿ.

ನಾನು ಮದುವೆಯಾಗಿ ಹೋದ ಮನೆಯಲ್ಲಿ ಯಾರೂ ನನಗೆ ಹೊಡೆಯಲಿಲ್ಲ. ಊಟಕ್ಕೆ ಕೊರತೆ ಇರಲಿಲ್ಲ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಮಾತು: "ನಿನಗೇನು ತಿಳಿಯುತ್ತದೆ?" ಸಾರಿಗೆ ಉಪ್ಪು ಹಾಕುವಾಗಲೂ ಅದೇ, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವಾಗಲೂ ಅದೇ. ನೆಂಟರ ಮುಂದೆ ನನ್ನ ನಡಿಗೆಯನ್ನು ಅಣಕಿಸಿ ನಗಿಸುವುದು, ನಾನು ಬೇಸರಿಸಿಕೊಂಡರೆ "ತಮಾಷೆಯೂ ತಿಳಿಯದವಳು" ಎನ್ನುವುದು. ಅಮ್ಮನಿಗೆ ಫೋನ್ ಮಾಡುವಾಗ ಸ್ಪೀಕರ್ ಹಾಕಿಯೇ ಮಾತಾಡಬೇಕು. ತರಕಾರಿಗೆ ಕೊಟ್ಟ ಪ್ರತಿ ರೂಪಾಯಿಗೆ ಲೆಕ್ಕ ಒಪ್ಪಿಸಬೇಕು. ಏನಾದರೂ ಎದುರಾಡಿದರೆ ಹತ್ತು ಹನ್ನೆರಡು ದಿನ ಮಾತೇ ಇಲ್ಲ. ನಿನ್ನೆ ಆಡಿದ ಮಾತನ್ನು ಇವತ್ತು ನೆನಪಿಸಿದರೆ, "ನಾನು ಹಾಗೆ ಹೇಳಲೇ ಇಲ್ಲ, ನಿನ್ನ ತಲೆ ಸರಿಯಿಲ್ಲ."

ನಾನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು. ಆರು ವರ್ಷ ಕಳೆಯುವಷ್ಟರಲ್ಲಿ ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಎಣಿಸಲೂ ಹೆದರುವಂತಾಗಿದ್ದೆ.

ಇಂಥದ್ದಕ್ಕೆ ಇಂಗ್ಲಿಷಿನಲ್ಲಿ 'ಗ್ಯಾಸ್‌ಲೈಟಿಂಗ್' ಎಂಬ ಹೆಸರಿದೆ. ಅದು ಬಂದದ್ದು ಒಂದು ನಾಟಕದಿಂದ. 1938ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಎಂಬ ಇಂಗ್ಲೆಂಡಿನ ಲೇಖಕ 'ಗ್ಯಾಸ್ ಲೈಟ್' ಎಂಬ ನಾಟಕ ಬರೆದ. 1944ರಲ್ಲಿ ಅದು ಹಾಲಿವುಡ್ಡಿನಲ್ಲಿ ಸಿನಿಮಾ ಆಯಿತು. ಹೆಂಡತಿಯ ಪಾತ್ರ ಮಾಡಿದ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಸಿಕ್ಕಿತು. ಕಥೆಯಲ್ಲಿ ಗಂಡ ವಸ್ತುಗಳನ್ನು ತಾನೇ ಬಚ್ಚಿಟ್ಟು, ಕಳೆದುಹಾಕಿದವಳು ನೀನೇ ಎಂದು ಹೆಂಡತಿಯನ್ನು ನಂಬಿಸುತ್ತಾನೆ. ರಾತ್ರಿ ಗುಟ್ಟಾಗಿ ಮೇಲಂತಸ್ತಿಗೆ ಹೋಗಿ ದೀಪ ಹಚ್ಚಿದಾಗ ಅವಳ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ಕಣ್ಣೆದುರೇ ದೀಪ ಮಂಕಾದರೂ, ನನಗೇ ಹುಚ್ಚು ಹಿಡಿಯುತ್ತಿದೆ ಎಂದು ಅವಳು ಅಂದುಕೊಳ್ಳುತ್ತಾಳೆ. ಕೊನೆಗೆ ಹೊರಗಿನಿಂದ ಬಂದ ಒಬ್ಬ ಪೊಲೀಸ್ ಅಧಿಕಾರಿ ಆ ದೀಪವನ್ನು ನೋಡಿ, ಹೌದು, ಮಂಕಾಯಿತು ಎನ್ನುತ್ತಾನೆ. ಅವಳು ಚೇತರಿಸಿಕೊಳ್ಳುವುದು ಅಲ್ಲಿಂದಲೇ.

ನನ್ನ ಪಾಲಿಗೆ 'ಹೌದು' ಎಂದವರು ಅಪ್ಪ. ಒಂದು ಮಧ್ಯಾಹ್ನ ಕೈಚೀಲ ಹಿಡಿದು ಬಂದು ನಿಂತಾಗ ಅವರು ಕಾರಣ ಕೇಳಲಿಲ್ಲ. ರಾತ್ರಿ ನಾನಾಗಿಯೇ ಹೇಳಿದಾಗ ಪೂರ್ತಿ ಕೇಳಿ, "ನೀನು ಹೇಳಿದ್ದನ್ನು ನಂಬ್ತೀನಿ" ಎಂದರು. ಅಷ್ಟೇ ಮಾತು.

ಮನೆಗೆ ಬಂದ ಕೂಡಲೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮಾರನೆಯ ದಿನ ಅಮ್ಮ, "ದೋಸೆ ಮಾಡಲಾ, ಉಪ್ಪಿಟ್ಟು ಮಾಡಲಾ?" ಎಂದು ಕೇಳಿದರು. ನನಗೆ ಉತ್ತರವೇ ಹೊಳೆಯಲಿಲ್ಲ. ನನಗೆ ಏನು ಬೇಕು ಎಂದು ನನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ತಪ್ಪಿಹೋಗಿತ್ತು. ಮನೆ ಮುಂದೆ ಸ್ಕೂಟರ್ ನಿಂತ ಸದ್ದಾದರೆ ಎದೆ ಡವಡವ ಎನ್ನುತ್ತಿತ್ತು.

ಇದಕ್ಕೆ ಕಾರಣ ತಿಳಿಯಲು ಒಂದು ಹಳೆಯ ಪ್ರಯೋಗ ಸಹಾಯ ಮಾಡುತ್ತದೆ. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ವಿಜ್ಞಾನಿಗಳು ಕೆಲವು ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಆಘಾತ ಕೊಟ್ಟರು. ಓದುವುದಕ್ಕೇ ಸಂಕಟವಾಗುತ್ತದೆ. ಆಮೇಲೆ ತಗ್ಗು ಗೋಡೆಯೊಂದನ್ನು ಹಾರಿದರೆ ಸಾಕು, ಆಘಾತವಿಲ್ಲ ಎಂಬಂತಿದ್ದರೂ ಅವುಗಳಲ್ಲಿ ಹೆಚ್ಚಿನವು ಹಾರಲೇ ಇಲ್ಲ, ಬಿದ್ದುಕೊಂಡೇ ಇದ್ದವು. ಮುಂದೆ ಅವುಗಳನ್ನು ಹಗ್ಗ ಹಿಡಿದು ಮತ್ತೆ ಮತ್ತೆ ಆಚೆ ದಾಟಿಸಿದ ಮೇಲೆ ಅವು ತಾವಾಗಿಯೇ ದಾಟಲು ಕಲಿತವು. ಸುಮಾರು 50 ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ಹಳೆಯ ವಿವರಣೆಯನ್ನು ತಿರುವಿ ಬರೆದರು. ದೀರ್ಘ ಸಂಕಟದಲ್ಲಿ ಕೈಚೆಲ್ಲಿ ಕೂರುವುದು ಮಿದುಳಿನ ಸಹಜ ಪ್ರತಿಕ್ರಿಯೆ; ಕಲಿಯಬೇಕಾದದ್ದು 'ನನ್ನ ಕೈಯಲ್ಲೂ ಏನೋ ಇದೆ' ಎಂಬುದನ್ನು ಎಂದರು.

ನಾನು ಆ ಪಾಠವನ್ನು ಚಿಕ್ಕ ಚಿಕ್ಕ ಕೆಲಸಗಳಲ್ಲಿ ಕಲಿತೆ. ಮೊದಲಿಗೆ ದಿನಕ್ಕೊಂದು ಆಯ್ಕೆ: ದೋಸೆಯೋ ಉಪ್ಪಿಟ್ಟೋ, ಹಸಿರು ಸೀರೆಯೋ ನೀಲಿಯದೋ. ಆಮೇಲೆ ನೂರು ಪುಟದ ಒಂದು ನೋಟ್‌ಬುಕ್. ಅದರಲ್ಲಿ ಹೊಗಳಿಕೆ ಇಲ್ಲ, ಮಾಡಿದ ಕೆಲಸ ಮಾತ್ರ. 'ಪೋಸ್ಟಾಫೀಸಿಗೆ ಒಬ್ಬಳೇ ಹೋದೆ.' 'ಮಲ್ಲಿಗೆ ಬಳ್ಳಿಗೆ ಚಪ್ಪರ ಕಟ್ಟಿದೆ.' 'ನನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದೆ.' ನಿನಗೇನೂ ಬರುವುದಿಲ್ಲ ಎಂಬ ಹಳೆಯ ದನಿ ತಲೆಯೊಳಗೆ ಎದ್ದಾಗ ಪುಟ ತಿರುವುತ್ತಿದ್ದೆ. ಬರೆದಿಟ್ಟದ್ದರ ಮುಂದೆ ಆ ದನಿಯ ವಾದ ನಿಲ್ಲುತ್ತಿರಲಿಲ್ಲ.

ಅಣ್ಣನ ಮಗ ಆಗ ನಾಲ್ಕನೇ ತರಗತಿ. ಒಂದು ಸಂಜೆ ಅವನ ಕೈ ತಾಗಿ ಗಾಜಿನ ಲೋಟ ಬಿದ್ದು ಚೂರುಚೂರಾಯಿತು. ನಾನು ಉಸಿರು ಬಿಗಿಹಿಡಿದು ಗೋಡೆಗೆ ಒರಗಿ ನಿಂತುಬಿಟ್ಟೆ. ಅಮ್ಮ ಒಳಗಿನಿಂದಲೇ "ಕಾಲು ಜೋಪಾನ ಮರಿ" ಎಂದರು. ಅವನು ಚಪ್ಪಲಿ ಹಾಕಿಕೊಂಡು ಬಂದು, "ಅತ್ತೆ, ಕಸಬರಿಗೆ ಎಲ್ಲಿದೆ?" ಎಂದು ಕೇಳಿದ. ಇಬ್ಬರೂ ಗುಡಿಸಿದೆವು. ಒಂದು ಲೋಟ ಒಡೆದರೆ ಲೋಟ ಮಾತ್ರ ಒಡೆಯುತ್ತದೆ, ಅದಕ್ಕಾಗಿ ಮನುಷ್ಯರನ್ನು ಒಡೆಯಬೇಕಾಗಿಲ್ಲ ಎಂದು ಅವತ್ತು ನನಗೆ ತಿಳಿಯಿತು.

ಭಿನ್ನರಾಶಿ ಅರ್ಥವಾಗುವುದಿಲ್ಲ ಎಂದು ಪುಸ್ತಕ ಹಿಡಿದು ಬಂದವನೂ ಅವನೇ. ಹೋಳಿಗೆ ಕತ್ತರಿಸಿ ತೋರಿಸಿದೆ. ಮರುವಾರ ಇನ್ನಿಬ್ಬರು ಗೆಳೆಯರನ್ನು ಕರೆತಂದ. ಇವತ್ತು ನಮ್ಮ ಜಗಲಿಯಲ್ಲಿ ಸಂಜೆ ಹದಿನಾಲ್ಕು ಮಕ್ಕಳು ಲೆಕ್ಕ ಮಾಡುತ್ತಾರೆ. ಅವರು ಕೊಡುವ ಶುಲ್ಕದಲ್ಲಿ ನನ್ನ ಖರ್ಚು ನಾನೇ ನೋಡಿಕೊಳ್ಳುತ್ತೇನೆ.

ಈಗ ಅಜ್ಜಿ-ತಾತಂದಿರಿಗೆ ಒಂದೆರಡು ಮಾತು. ಮನೆಗೆ ಮರಳಿದ ಮಗಳಿಗೆ "ಕೈ ಎತ್ತಿಲ್ಲವಲ್ಲ, ಸ್ವಲ್ಪ ಹೊಂದಿಕೊಂಡು ಹೋಗು" ಎನ್ನಬೇಡಿ. ಕೈ ಎತ್ತಿದರೆ ಮಾತ್ರ ಹಿಂಸೆ ಎಂದು ನಮ್ಮ ದೇಶದ ಕಾನೂನೂ ಹೇಳುವುದಿಲ್ಲ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005, ಅವಮಾನಿಸುವುದು, ಅಣಕಿಸುವುದು, ಮಗುವಿಲ್ಲವೆಂದು ಹಂಗಿಸುವುದು, ಖರ್ಚಿಗೆ ಹಣ ಕೊಡದೆ ಕಾಡುವುದು ಇವೆಲ್ಲವನ್ನೂ ಹಿಂಸೆ ಎಂದೇ ಕರೆದಿದೆ. ಸಹಾಯ ಕೇಳಲು ಮಹಿಳಾ ಸಹಾಯವಾಣಿ 181 ಇದೆ. ಮನಸ್ಸಿನ ನೋವಿಗೆ 14416, ಅಂದರೆ ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ; ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ಅತಿಯಾದ ಕನಿಕರವೂ ಬೇಡ. "ಪಾಪ, ಅವಳಿಗೆ ಕೆಲಸ ಹೇಳಬೇಡಿ" ಎಂದರೆ ಅವಳಿಗೆ ಕೇಳಿಸುವುದು ಹಳೆಯ ಮಾತೇ: ನಿನ್ನ ಕೈಲಾಗುವುದಿಲ್ಲ. ಮನೆಯ ಜವಾಬ್ದಾರಿಯಲ್ಲಿ ಒಂದು ಪಾಲನ್ನು ಅವಳಿಗೂ ಕೊಡಿ. ಅವಳು ಮಾಡಿದ ಹಾಗೆಯೇ ಇರಲಿ ಬಿಡಿ, ಹಿಂದೆಯೇ ಹೋಗಿ ತಿದ್ದಬೇಡಿ.

ಮಕ್ಕಳೇ, ಇಂಥ ಹಿಂಸೆ ದೊಡ್ಡವರ ನಡುವೆ ಮಾತ್ರ ಇರುತ್ತದೆ ಎಂದುಕೊಳ್ಳಬೇಡಿ. ಗೆಳೆತನದಲ್ಲೂ ಇರುತ್ತದೆ. 'ನನ್ನ ಜೊತೆ ಮಾತ್ರ ಆಡು, ಅವಳ ಜೊತೆ ಆಡಿದರೆ ಟೂ' ಎಂದು ದಿನವೂ ಹೆದರಿಸುವ ಗೆಳತಿ, ಎಲ್ಲರೆದುರು ಅಡ್ಡಹೆಸರಿಟ್ಟು ಕೂಗಿ 'ತಮಾಷೆಗೆ' ಎನ್ನುವ ಗೆಳೆಯ ನಿಮಗೂ ಸಿಗಬಹುದು. ಜಗಳ ಎಲ್ಲರಲ್ಲೂ ಆಗುತ್ತದೆ. ಜಗಳ ಮುಗಿದ ಮೇಲೆ ಇಬ್ಬರೂ ಮೊದಲಿನಷ್ಟೇ ಎತ್ತರ ಇದ್ದರೆ ಅದು ಗೆಳೆತನ. ಪ್ರತಿಸಲವೂ ನೀವೊಬ್ಬರೇ ಕುಗ್ಗುತ್ತಿದ್ದರೆ ಮನೆಯಲ್ಲಿ ಅಥವಾ ಶಾಲೆಯಲ್ಲಿ ನಿಮಗೆ ನಂಬಿಕೆಯಿರುವ ದೊಡ್ಡವರಿಗೆ ಹೇಳಿ. ಒಬ್ಬರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ನೀವೇ ಫೋನ್ ಮಾಡಬಹುದು, ದುಡ್ಡು ಬೇಕಿಲ್ಲ.

ನಿಮ್ಮ ಮನೆಗೋ ಪಕ್ಕದ ಮನೆಗೋ ಒಬ್ಬ ಅತ್ತೆ, ಒಬ್ಬ ಅಕ್ಕ ಚೀಲ ಹಿಡಿದು ಮರಳಿ ಬಂದರೆ, ಯಾಕೆ ಬಂದೆ ಎಂದು ಕೇಳಬೇಡಿ. ಅವಳ ನೋವನ್ನು ವಾಸಿ ಮಾಡುವುದು ನಿಮ್ಮ ಕೆಲಸವಲ್ಲ, ಅದಕ್ಕೆ ದೊಡ್ಡವರಿದ್ದಾರೆ. ಚೌಕಾಬಾರದ ಮಣೆ ಬರೆದು, ಆಟಕ್ಕೆ ಒಬ್ಬರು ಕಡಿಮೆ ಇದ್ದಾರೆ, ಬರ್ತೀಯಾ ಎಂದು ಕರೆಯಿರಿ. ಬೇಕೆಂದೇ ಸೋತು ಗೆಲ್ಲಿಸಲು ಹೋಗಬೇಡಿ. ಸರಿಯಾಗಿಯೇ ಆಡಿ. ಯಾವ ಕಾಯಿ ನಡೆಸಬೇಕು ಎಂದು ಅವಳು ತುಂಬ ಹೊತ್ತು ಯೋಚಿಸಿದರೆ ಅವಸರ ಮಾಡದೆ ಕಾಯಿರಿ.