ಬತ್ತದ ಕೊಳಕ್ಕೆ ಕಾವಲು

ಗುಟ್ಟಿನ ಸಂದೇಶ ಕಳುಹಿಸಲು ಗಣಕಯಂತ್ರಕ್ಕೆ ಯಾರೂ ಊಹಿಸಲಾರದ ಸಂಖ್ಯೆ ಬೇಕು. ಗಣಕವಾದರೋ ಹೇಳಿದುದನ್ನು ಹೇಳಿದಂತೆಯೇ ಮಾಡುವ ಯಂತ್ರ. ಅದರಿಂದ ಇಂಥ ಸಂಖ್ಯೆಯನ್ನು ಪಡೆಯುವುದೆಂತು?

1994ರಲ್ಲಿ ಥಿಯೊಡೋರ್ ತ್ಸೋ ಅವರು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಗಾಗಿ ಇದಕ್ಕೊಂದು ಡ್ರೈವರನ್ನು ಬರೆದರು. ಡ್ರೈವರೆಂದರೆ ವ್ಯವಸ್ಥೆಗೂ ಸಾಧನಕ್ಕೂ ನಡುವೆ ನಿಂತು ವ್ಯವಹರಿಸುವ ಕ್ರಮವಿಧಿ. ಇಲ್ಲಿಯ ಸಾಧನ ಮಾತ್ರ ಕಣ್ಣಿಗೆ ಕಾಣುವ ವಸ್ತುವಲ್ಲ. ಕೀಲಿಮಣೆಯನ್ನು ಒತ್ತಿದ ಕ್ಷಣ, ಡಿಸ್ಕಿನಿಂದ ಮಾಹಿತಿ ಬಂದು ಮುಟ್ಟಿದ ಕ್ಷಣ, ಇವುಗಳ ಸೂಕ್ಷ್ಮ ಏರುಪೇರುಗಳನ್ನು ಡ್ರೈವರು ಒಂದು ಕೊಳದಲ್ಲಿ ಕೂಡಿಹಾಕಿ ಕಲಕುತ್ತದೆ. ಹೀಗೆ ಕೂಡಿದ ಅನಿಶ್ಚಿತತೆಯ ಅಳತೆಗೆ ಭೌತವಿಜ್ಞಾನದಿಂದ ಎರವಲು ತಂದ ಹೆಸರೇ ಎಂಟ್ರೊಪಿ.

ಕೊಳಕ್ಕೆ ಎರಡು ಬಾಗಿಲುಗಳಿದ್ದವು. ‘ರ‍್ಯಾಂಡಮ್’ ಎಂಬ ಬಾಗಿಲಲ್ಲಿ ಮೊಗೆದಷ್ಟೂ ಎಂಟ್ರೊಪಿ ಕಡಮೆಯಾಯಿತೆಂದು ಲೆಕ್ಕ. ಲೆಕ್ಕ ಮುಗಿದರೆ ಬಾಗಿಲು ಮುಚ್ಚಿ, ಕೇಳಿದ ಕ್ರಮವಿಧಿ ಕಾದು ಕುಳಿತಿರಬೇಕು. ‘ಯುರ‍್ಯಾಂಡಮ್’ ಎಂಬುದು ಎಂದೂ ಮುಚ್ಚದ ಬಾಗಿಲು. ಬಳಸಿದ ಗಣಿತಕ್ರಮವನ್ನು ಮುಂದೆ ಯಾರಾದರೂ ಭೇದಿಸಿದರೂ ಗುಟ್ಟು ಉಳಿಯಲೆಂಬ ಎಚ್ಚರಿಕೆಯೇ ಮೊದಲನೆಯದರ ಕಾವಲಿಗೆ ಕಾರಣ. ಅಂದಿಗೆ ಅದು ಅವಿವೇಕವಾಗಿರಲಿಲ್ಲವೆಂದೇ ನಮ್ಮ ಎಣಿಕೆ.

ಆದರೆ ಈ ಕೊಳ ನೀರಿನ ಕೊಳದಂತಲ್ಲ. ನಾಣ್ಯವೊಂದನ್ನು 256 ಸಲ ಚಿಮ್ಮಿ ಫಲಗಳನ್ನು ಸಾಲಾಗಿ ಬರೆದೆವೆನ್ನೋಣ. ಸಾಧ್ಯವಾದ ಸಾಲುಗಳನ್ನು ಎಣಿಸಿದರೆ ಬರುವುದು 78 ಅಂಕಿಗಳ ಸಂಖ್ಯೆ. ಇಷ್ಟು ಅನಿಶ್ಚಿತವಾದ ಬೀಜ ಒಮ್ಮೆ ದೊರೆತರೆ, ಗಟ್ಟಿಯಾದ ಸಂಕೇತಕ್ರಮ ಅದರಿಂದ ಬೇಕಾದಷ್ಟು ಸಂಖ್ಯೆಗಳನ್ನು ಹೊರತೆಗೆಯಬಲ್ಲದು. ಹೊರಬಂದುದನ್ನು ನೋಡಿ ಬೀಜವನ್ನು ಕಂಡುಹಿಡಿಯುವ ದಾರಿ ಯಾರಿಗೂ ತಿಳಿದಿಲ್ಲ. ಕಾಯಬೇಕಾದುದು ಬೀಜ ಕೂಡುವವರೆಗೆ ಮಾತ್ರ.

ಕಾವಲಿನಿಂದ ಆದ ಕೇಡೂ ಸಣ್ಣದಲ್ಲ. ಕೀಲಿಮಣೆಯಿಲ್ಲದೆ ಮೂಲೆಯಲ್ಲಿ ಕುಳಿತ ಯಂತ್ರಗಳಲ್ಲಿ ಕ್ರಮವಿಧಿಗಳು ಸುಮ್ಮನೆ ನಿಂತುಬಿಡುತ್ತಿದ್ದವು. ಬೇಸತ್ತವರು ಇನ್ನೊಂದು ಬಾಗಿಲಿಗೆ ಹೋದರೆ, ಅದು ಬೀಜ ಕೂಡುವ ಮೊದಲೇ ಸಂಖ್ಯೆ ಕೊಡುತ್ತಿತ್ತು! 2012ರಲ್ಲಿ ನಾಡಿಯಾ ಹೆನಿಂಗರ್ ಮೊದಲಾದ ಸಂಶೋಧಕರು ಅಂತರ್ಜಾಲದ ಅನೇಕ ಉಪಕರಣಗಳ ಗುಪ್ತ ಕೀಲಿಗಳನ್ನು ಬರಿಯ ಗಣಿತದಿಂದಲೇ ಬಿಡಿಸಿದರು. ಆಗತಾನೆ ಚಾಲೂ ಆದ ಉಪಕರಣಗಳಲ್ಲಿ ಎಂಟ್ರೊಪಿಯ ಅಭಾವವೇ ಅದಕ್ಕೆ ಮುಖ್ಯ ಕಾರಣ.

2014ರಲ್ಲಿ ಬಂದ ಮೂರನೆಯ ದಾರಿ ಬೀಜ ಕೂಡುವವರೆಗೆ ಒಮ್ಮೆ ಕಾಯುವುದು, ಬಳಿಕ ಎಂದಿಗೂ ಇಲ್ಲ. 2019ರಲ್ಲಿ ಅದಕ್ಕೂ ವಿಘ್ನ ಬಂತು. ಡಿಸ್ಕಿನ ಓದನ್ನು ಕಡಮೆ ಮಾಡಿದ ನಿರ್ದೋಷಿಯಾದ ಒಂದು ಸುಧಾರಣೆಯಿಂದ ಎಂಟ್ರೊಪಿ ಕೂಡುವುದೇ ತಡವಾಗಿ, ಕೆಲವು ಯಂತ್ರಗಳು ಆರಂಭದಲ್ಲಿಯೇ ಸ್ತಬ್ಧವಾದವು. ಲೀನಸ್ ಟೋರ್ವಾಲ್ಡ್ಸ್ ಆ ಸುಧಾರಣೆಯನ್ನು ಹಿಂದೆಗೆದು, ಯಂತ್ರದ ಸ್ವಂತ ಕಾಲಗತಿಯ ಕಂಪನದಿಂದಲೇ ಎಂಟ್ರೊಪಿ ಹುಟ್ಟಿಸುವ ಉಪಾಯವನ್ನು ಸೇರಿಸಿದರು. ಕೊನೆಗೆ 2020ರ ಮಾರ್ಚಿಯಲ್ಲಿ ಹೊರಬಂದ 5.6ನೆಯ ಆವೃತ್ತಿಯಲ್ಲಿ, ಆಂಡಿ ಲುಟೊಮಿರ್ಸ್ಕಿ ಅವರ ತಿದ್ದುಪಡಿಯಿಂದ, ‘ರ‍್ಯಾಂಡಮ್’ ಬಾಗಿಲೂ ಮೂರನೆಯ ದಾರಿಯಂತೆಯೇ ನಡೆಯತೊಡಗಿತು. ಹಳೆಯ ಕ್ರಮವಿಧಿಗಳು ಕೆಡದಿರಲೆಂದು ಬಾಗಿಲಿನ ಹೆಸರನ್ನು ಮಾತ್ರ ಹಾಗೆಯೇ ಉಳಿಸಿದರು.

2022ರಲ್ಲಿ ಜೇಸನ್ ಡೊನೆನ್‌ಫೆಲ್ಡ್ ಅವರು ಎರಡನೆಯ ಬಾಗಿಲನ್ನೂ ಬೀಜ ಕೂಡುವವರೆಗೆ ಕಾಯಿಸಲು ಯತ್ನಿಸಿದರು. ಕೆಲವು ಯಂತ್ರಗಳು ಆರಂಭವಾಗಲೇ ಇಲ್ಲ. ತಿದ್ದುಪಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.