ಮಗುಚುವ ಲ್ಯಾಪ್‌ಟಾಪು ಮತ್ತು ಕನ್ನಡದ ಬರಹ: ಮೊದಲ ವಾರದ ಏರ್ಪಾಡುಗಳು

ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಕನ್ನಡ ನಾಡಿನಲ್ಲಿ ಕಡತವೆಂದು ಹೆಸರು. ಅಂಗಡಿಯ ಲೆಕ್ಕದಿಂದ ಮಠದ ದಾಖಲೆಯವರೆಗೆ ಅನೇಕ ವಿಷಯಗಳು ಅದರಲ್ಲಿ ಬರೆಯಲ್ಪಟ್ಟಿದ್ದವು. ಬೇಡವಾದುದನ್ನು ಒರಸಿ ಅದೇ ಎಡೆಯಲ್ಲಿ ಮತ್ತೆ ಬರೆಯಬಹುದಾಗಿತ್ತು. ಆ ವಸ್ತು ಮರೆಯಾಗಿ ಅದರ ಹೆಸರು ಮಾತ್ರ ಕಚೇರಿಯ ಫೈಲಿಗೆ ಅಂಟಿಕೊಂಡು ಉಳಿದಿದೆ. ಈಗ ಅಂಗಡಿಗಳಲ್ಲಿ ‘ಟೂ-ಇನ್-ಒನ್’ ಎಂಬ ಹೆಸರಿನಿಂದ ಮಾರಾಟವಾಗುತ್ತಿರುವ ಲ್ಯಾಪ್‌ಟಾಪು ಸ್ವಭಾವದಲ್ಲಿ ಈ ಹಳೆಯ ಕಡತಕ್ಕೆ ಸಮೀಪವಾದುದು. ಅದನ್ನು ಮಡಚಬಹುದು, ಮಗುಚಬಹುದು, ಅದರ ಗಾಜಿನ ತೆರೆಯ ಮೇಲೆ ಕೈಯಿಂದ ಬರೆಯಬಹುದು, ಒರಸಬಹುದು. ಆದರೆ ಒಂದು ಭೇದವುಂಟು. ಕಡತದಲ್ಲಿ ಬರೆದ ಅಕ್ಷರ ಎಲ್ಲರ ಕಣ್ಣಿಗೂ ಅಕ್ಷರವೇ ಆಗಿತ್ತು. ಈ ಯಂತ್ರದೊಳಗೆ ಬರೆದುದು ಅಕ್ಷರವಾಗಿ ಉಳಿಯುವುದೋ ಬರಿಯ ಚಿತ್ರವಾಗಿ ಉಳಿಯುವುದೋ ಎಂಬುದು ಬರೆಯುವವರು ಮೊದಲ ದಿನಗಳಲ್ಲಿ ಮಾಡಿಕೊಂಡ ಏರ್ಪಾಡನ್ನು ಅವಲಂಬಿಸಿದೆ. ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಯಂತ್ರವನ್ನು ಕೊಳ್ಳುವ ಕನ್ನಡಿಗರಿಗೆ ಆ ಏರ್ಪಾಡನ್ನು ಮಾಡಿಕೊಡಬಲ್ಲ ಅಂಗಡಿಯವನು ದೊರೆಯುವುದು ವಿರಳವಾದುದರಿಂದ, ಅದನ್ನು ಅವರೇ ತಿಳಿದು ಮಾಡಿಕೊಳ್ಳಬೇಕಾಗುತ್ತದೆ.

ಇಂತಹ ಯಂತ್ರ ಇದ್ದಕ್ಕಿದ್ದಂತೆ ಹುಟ್ಟಿದುದಲ್ಲ. ೨೦೦೨ರಲ್ಲಿಯೇ ಮೈಕ್ರೋಸಾಫ್ಟ್ ಸಂಸ್ಥೆ ಲೇಖನಿಯಿಂದ ಬರೆಯುವ ಗಣಕಗಳಿಗೆಂದು ವಿಂಡೋಸ್ ಎಕ್ಸ್‌ಪಿಯ ಪ್ರತ್ಯೇಕ ಆವೃತ್ತಿಯೊಂದನ್ನು ಹೊರಡಿಸಿತ್ತು. ಅಂದಿನ ಕೆಲವು ಯಂತ್ರಗಳಲ್ಲಿ ತೆರೆಯು ನಡುವಣ ಒಂದೇ ಕೀಲಿನ ಮೇಲೆ ತಿರುಗಿ ಕವುಚಿಕೊಳ್ಳುತ್ತಿತ್ತು. ಅವು ಭಾರವಾಗಿದ್ದವು, ಬೆಲೆಯೂ ಅಧಿಕವಾಗಿತ್ತು. ಜನ ಅವುಗಳನ್ನು ಅಷ್ಟಾಗಿ ಮೆಚ್ಚಿಕೊಳ್ಳಲಿಲ್ಲ. ೨೦೧೨ರಲ್ಲಿ ವಿಂಡೋಸ್ ೮ ಬಂದಾಗ ಲೆನೊವೊ ಸಂಸ್ಥೆಯ ‘ಯೋಗ’ ಎಂಬ ಮಾದರಿ ಎರಡು ಬಿಜಾಗರಿಗಳ ಮೇಲೆ ೩೬೦ ಡಿಗ್ರಿ ಮಗುಚುವ ಕ್ರಮವನ್ನು ರೂಢಿಗೆ ತಂದಿತು. ಇಂದು ಹಲವು ತಯಾರಕರು ಅನುಸರಿಸುತ್ತಿರುವುದು ಇದೇ ಕ್ರಮ. ಹೆಸರಿಗೆ ತಕ್ಕಂತೆ ಅದಕ್ಕೆ ನಾಲ್ಕು ಆಸನಗಳು: ಎಂದಿನಂತೆ ತೆರೆದಿಟ್ಟ ನಿಲುವು, ಕೀಲಿಮಣೆಯನ್ನು ಕೆಳಮೊಗವಾಗಿಸಿ ತೆರೆಯನ್ನು ಮುಂದೆ ನಿಲ್ಲಿಸಿದ ನಿಲುವು, ಡೇರೆಯಂತೆ ಕವುಚಿದ ನಿಲುವು, ಪೂರ್ಣವಾಗಿ ಹಿಂದಕ್ಕೆ ಮಡಚಿದ ಹಲಗೆಯ ನಿಲುವು.

ತೆರೆಯನ್ನು ಹಿಂದಕ್ಕೆ ಮಗುಚಿದಾಗ ಕೀಲಿಮಣೆ ತಾನಾಗಿ ಸ್ತಬ್ಧವಾಗುತ್ತದೆ. ಅಡಿಯಲ್ಲಿ ಹಿಡಿದ ಬೆರಳುಗಳು ತಿಳಿಯದೆ ಕೀಲಿಗಳನ್ನು ಒತ್ತದಿರಲೆಂದು ಮಾಡಿದ ವ್ಯವಸ್ಥೆಯಿದು. ಯಂತ್ರ ಕೆಟ್ಟಿತೆಂದು ಹೊಸಬರು ಗಾಬರಿಗೊಳ್ಳಬೇಕಾಗಿಲ್ಲ. ವಿಂಡೋಸ್ ೧೦ರಲ್ಲಿ ಹಲಗೆಯ ಬಳಕೆಗೆಂದು ಪ್ರತ್ಯೇಕ ಗುಂಡಿಯೊಂದಿತ್ತು. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಅದನ್ನು ತೆಗೆದುಹಾಕಿ, ಮಗುಚಿದೊಡನೆ ತಾನೇ ಬದಲಾಗುವಂತೆ ಮಾಡಿತು. ವಿಂಡೋಸ್ ೧೦ಕ್ಕೆ ಇದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರಿನಲ್ಲಿ ಮುಗಿದಿರುವುದರಿಂದ, ಹಳೆಯ ಯಂತ್ರವನ್ನು ಕೊಳ್ಳುವವರು ಅದು ಹೊಸ ಆವೃತ್ತಿಯನ್ನು ಹೊರಬಲ್ಲುದೇ ಎಂದು ಮೊದಲು ವಿಚಾರಿಸತಕ್ಕದ್ದು. ತೆರೆಯನ್ನು ಒಂದು ಮೂಲೆಯಿಂದ ಎಳೆಯದೆ ನಡುವಿನಲ್ಲಿ ಹಿಡಿದು ಮಗುಚಿದರೆ ಬಿಜಾಗರಿ ಬಹುಕಾಲ ಬಾಳುತ್ತದೆ.

ಈ ನಾಲ್ಕರಲ್ಲಿ ವ್ಯಾಸಂಗಿಗೆ ಹೆಚ್ಚು ಉಪಯುಕ್ತವಾದುದು ಹಲಗೆಯ ನಿಲುವು. ಸಾಧಾರಣ ಲ್ಯಾಪ್‌ಟಾಪಿನ ತೆರೆ ಅಡ್ಡಗಲ. ಪುಸ್ತಕದ ಪುಟ ಉದ್ದಗಲ. ಹಲಗೆಯನ್ನು ನೆಟ್ಟಗೆ ಹಿಡಿದರೆ ಪುಟವೂ ತಾನಾಗಿ ನೆಟ್ಟಗಾಗಿ ತೆರೆಯ ತುಂಬ ಹರಡುತ್ತದೆ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು, ಕಿಟ್ಟೆಲರ ೧೮೯೪ರ ನಿಘಂಟು, ಹಳೆಯ ಅಚ್ಚಿನ ಎಷ್ಟೋ ಕನ್ನಡ ಗ್ರಂಥಗಳು ಛಾಯಾಪ್ರತಿಗಳಾಗಿ ಇಂಟರ್‌ನೆಟ್ ಆರ್ಕೈವ್‌ನಂತಹ ಭಂಡಾರಗಳಲ್ಲಿ ದೊರೆಯುತ್ತಿವೆ. ಮೈಸೂರು, ಧಾರವಾಡಗಳ ಗ್ರಂಥಾಲಯಗಳಿಂದ ದೂರವಿರುವವರು ಅಂತಹ ಪುಟದ ಅಂಚಿನಲ್ಲಿ ಸ್ವಹಸ್ತದಿಂದ ಟಿಪ್ಪಣಿ ಬರೆಯಬಹುದು, ಶಾಸನದ ಸವೆದ ಅಕ್ಷರದ ಸುತ್ತ ಗೆರೆ ಎಳೆಯಬಹುದು. ಮೂಲಪ್ರತಿಗೆ ಮಸಿ ತಗಲುವುದಿಲ್ಲ. ಯಂತ್ರದ ತೂಕ ಸಾಮಾನ್ಯವಾಗಿ ಒಂದೂವರೆ ಕಿಲೋಗ್ರಾಮಿನ ಆಸುಪಾಸಿನಲ್ಲಿರುವುದರಿಂದ ಕೈಯಲ್ಲಿ ಹಿಡಿದು ಓದುವುದು ಪ್ರಯಾಸಕರ. ತೊಡೆಯ ಮೇಲೋ ವ್ಯಾಸಪೀಠದ ಮೇಲೋ ಇಡುವುದು ಲೇಸು.

ಬರೆಯುವ ಲೇಖನಿಯ ವಿಷಯದಲ್ಲಿ ಅಂಗಡಿಯ ಮಾತನ್ನು ಪೂರ್ತಿ ನಂಬಲಾಗದು. ಈ ತೆರೆಗಳು ಒತ್ತಡದಿಂದಲ್ಲ, ಬೆರಳು ಸಮೀಪಿಸಿದಾಗ ಗಾಜಿನಡಿಯ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಅಲ್ಪ ವ್ಯತ್ಯಾಸದಿಂದ ಸ್ಪರ್ಶವನ್ನು ಅರಿಯುತ್ತವೆ. ಆದುದರಿಂದಲೇ ಉಗುರಿಗೆ ಅವು ಓಗೊಡುವುದಿಲ್ಲ. ರಬ್ಬರಿನ ತುದಿಯ ಅಗ್ಗದ ಕಡ್ಡಿ ಬೆರಳಿನ ಅನುಕರಣೆಯಷ್ಟೇ. ಅದರಿಂದ ದಪ್ಪ ಗೆರೆ ಎಳೆಯಬಹುದೇ ಹೊರತು ಒತ್ತಕ್ಷರ ಬರೆಯಲಾಗದು. ಯಂತ್ರದೊಡನೆ ಸಂಕೇತಗಳಿಂದ ವ್ಯವಹರಿಸುವ ಲೇಖನಿಯೇ ಬೇರೆ. ಅದು ಸಮೀಪಿಸಿದಾಗ ಯಂತ್ರವು ಅಂಗೈಯ ಸ್ಪರ್ಶವನ್ನು ಅಲಕ್ಷಿಸುತ್ತದೆ, ಕೈಯನ್ನು ಗಾಜಿನ ಮೇಲೆ ಊರಿಯೇ ಬರೆಯಬಹುದು. ಒತ್ತಿದಷ್ಟೂ ಗೆರೆ ದಪ್ಪವಾಗುತ್ತದೆ. ಆದರೆ ಇಂತಹ ಲೇಖನಿಗಳ ಸಂಕೇತಪದ್ಧತಿಗಳು ಹಲವು. ಒಂದು ಪದ್ಧತಿಯ ಲೇಖನಿ ಇನ್ನೊಂದರ ತೆರೆಯ ಮೇಲೆ ಬರೆಯದು. ಲೇಖನಿಯನ್ನು ಬೇರೆಯಾಗಿ ಕೊಳ್ಳುವವರು ಯಂತ್ರದ ಮಾದರಿಯ ಹೆಸರನ್ನು ಹೇಳಿ, ಅದರ ಮೇಲೆಯೇ ಬರೆದು ನೋಡಿ ಕೊಳ್ಳಬೇಕು.

ಕನ್ನಡ ಬರೆಯುವವರಿಗೆ ಇನ್ನೊಂದು ಸಣ್ಣ ತೊಡಕು ಎದುರಾಗುತ್ತದೆ. ಟಿಪ್ಪಣಿಯ ತಂತ್ರಾಂಶಗಳಲ್ಲಿ ಕಾಣುವ ಗೆರೆಹಾಕಿದ ಪುಟ ರೋಮನ್ ಲಿಪಿಯ ಅಳತೆಯದು. ಕನ್ನಡದ ಒತ್ತುಗಳು ಗೆರೆಯ ಕೆಳಗೆ ಇಳಿಯುತ್ತವೆ, ಗುಡಿಸು ಮೇಲಕ್ಕೇರುತ್ತದೆ. ಇಕ್ಕಟ್ಟಾದ ಗೆರೆಗಳ ನಡುವೆ ‘ರಾಷ್ಟ್ರ’ವೆಂದು ಬರೆದರೆ ಅದರ ಒತ್ತುಗಳು ಕೆಳಸಾಲಿನ ತಲೆಯ ಮೇಲೆ ಕುಳಿತುಕೊಳ್ಳುತ್ತವೆ. ಅಗಲ ಗೆರೆಯ ಪುಟವನ್ನು ಆರಿಸಿಕೊಂಡರೆ ಈ ತೊಡಕಿಲ್ಲ. ಗಾಜು ಜಾರುತ್ತದೆಂದು ತೋರಿದವರು ಕಾಗದದಂತೆ ತುಸು ಒರಟಾದ ಹಾಳೆಯೊಂದನ್ನು ತೆರೆಗೆ ಅಂಟಿಸಿಕೊಳ್ಳುವುದುಂಟು. ಬರೆಯಲು ಹಿತವಾದರೂ, ತೆರೆಯ ಹೊಳಪು ಅದರಿಂದ ಸ್ವಲ್ಪ ಕುಂದುತ್ತದೆ.

ಇಷ್ಟೆಲ್ಲ ಹಿತವಾಗಿ ಬರೆದುದು ಯಂತ್ರಕ್ಕೆ ಏನಾಗಿ ಕಾಣುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಲೇಖನಿ ಎಳೆದ ಗೆರೆ ಯಂತ್ರದ ಮಟ್ಟಿಗೆ ಗೆರೆಯೇ. ‘ಪಂಪ’ ಎಂದು ನೂರು ಕಡೆ ಬರೆದಿದ್ದರೂ ಆ ಹೆಸರನ್ನು ಹುಡುಕಿಕೊಡೆಂದರೆ ಅದು ಕೊಡಲಾರದು. ಗೆರೆಯನ್ನು ಅಕ್ಷರವಾಗಿ ಗುರುತಿಸುವ ಶಕ್ತಿ ಬೇರೆಯಾಗಿ ಇರಬೇಕು. ಅದು ಇಂಗ್ಲಿಷಿಗೆ ಇದ್ದ ಮಾತ್ರಕ್ಕೆ ಕನ್ನಡಕ್ಕೂ ಇದೆಯೆಂದು ಭಾವಿಸಬಾರದು. ವಿಂಡೋಸಿನ ಭಾಷಾಪಟ್ಟಿಯಲ್ಲಿ ಪ್ರತಿಯೊಂದು ಭಾಷೆಯ ಹೆಸರಿನೊಡನೆ ಅದಕ್ಕೆ ಯಾವ ಯಾವ ಸೌಕರ್ಯಗಳಿವೆ ಎಂಬುದನ್ನು ಸಣ್ಣ ಚಿಹ್ನೆಗಳಿಂದ ಸೂಚಿಸಿರುತ್ತಾರೆ. ಕೈಬರಹದ ಚಿಹ್ನೆ ಕನ್ನಡದ ಎದುರಿಗೆ ಇದೆಯೇ ಎಂದು ನೋಡಿಕೊಂಡೇ ಮುಂದುವರಿಯತಕ್ಕದ್ದು. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಗೂಗಲ್ ಸಂಸ್ಥೆ ೨೦೧೫ರಲ್ಲಿಯೇ ಕೈಬರಹದ ಸೌಕರ್ಯವನ್ನು ಒದಗಿಸಿತು; ಅದು ಕನ್ನಡವನ್ನೂ ಗುರುತಿಸುತ್ತದೆ. ಅದೇನಿದ್ದರೂ ಅಂಚಿನ ಟಿಪ್ಪಣಿ, ನಕ್ಷೆ, ಲಿಪಿರೂಪದ ಅನುಕರಣೆ ಇವು ಲೇಖನಿಗೆ, ಲೇಖನವಾಗಿ ಬೆಳೆಯಬೇಕಾದುದು ಕೀಲಿಮಣೆಗೆ ಎಂಬ ವಿಭಾಗವನ್ನು ಮೊದಲೇ ಮಾಡಿಕೊಳ್ಳುವುದು ಕ್ಷೇಮ. ಒಂದು ವರ್ಷದ ಕೈಬರಹವನ್ನು ಆಮೇಲೆ ಕೂತು ಬೆರಳಚ್ಚು ಮಾಡುವ ಶ್ರಮ ಕಡಿಮೆಯದಲ್ಲ.

ಕೀಲಿಮಣೆಯಿಂದ ಬರೆದ ಕನ್ನಡ ಅಕ್ಷರವಾಗಿ ಉಳಿಯುವುದು ಯೂನಿಕೋಡಿನಿಂದ. ೧೯೯೧ರಲ್ಲಿ ಮೊದಲು ಪ್ರಕಟವಾದ ಆ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಾಗಿರಿಸಲಾಗಿದೆ. ಗುಣಿತಾಕ್ಷರ, ಒತ್ತಕ್ಷರಗಳಿಗೆ ಅದರಲ್ಲಿ ಬೇರೆ ಸ್ಥಾನವಿಲ್ಲ. ‘ಕ್ಷ’ ಎಂಬುದು ಕಕಾರ, ಹಲಂತದ ಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳಾಗಿ ಸಂಗ್ರಹವಾಗಿ, ತೆರೆಯ ಮೇಲೆ ಮಾತ್ರ ಕೂಡಿಕೊಳ್ಳುತ್ತದೆ. ವ್ಯಾಕರಣ ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ರೇಫದಲ್ಲಿ ಒಂದು ವಿಶೇಷವಿದೆ. ‘ಕಾರ್ಯ’ ಎಂದು ಬರೆದರೆ ಅರ್ಕಾವತ್ತು ತಾನಾಗಿ ಬರುತ್ತದೆ. ‘ರ‍್ಯಾಂಕು’ ಎಂದು ಬರೆಯಬೇಕಾದರೆ ರಕಾರದ ಅನಂತರ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಸೇರಿಸಬೇಕಾಗುತ್ತದೆ.

ಮಾರಾಟಕ್ಕೆ ಬರುವ ಯಂತ್ರಗಳ ಕೀಲಿಗಳ ಮೇಲೆ ಕನ್ನಡದ ಅಕ್ಷರಗಳಿರುವುದಿಲ್ಲ. ಆದರೆ ವಿಂಡೋಸಿನ ಒಳಗೆ ಕನ್ನಡ ೨೦೦೧ರ ಎಕ್ಸ್‌ಪಿಯಿಂದಲೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಕಾಲ ಮತ್ತು ಭಾಷೆಯ ವಿಭಾಗಕ್ಕೆ ಹೋಗಿ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಸಾಕು. ಆಮೇಲೆ ವಿಂಡೋಸ್ ಕೀಲಿಯನ್ನೂ ಸ್ಪೇಸ್ ಪಟ್ಟಿಯನ್ನೂ ಒಟ್ಟಿಗೆ ಒತ್ತಿದಾಗ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಬಹುದು. ಯಾವ ವಿನ್ಯಾಸವನ್ನು ಕಲಿಯಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ನಾಡಿನಲ್ಲೆಲ್ಲ ಹರಡಿತು. ರೋಮನ್ ಕೀಲಿಗಳ ಉಚ್ಚಾರವನ್ನು ಅನುಸರಿಸುವ ಅದು ಕಲಿಯಲು ಸುಲಭ. ಇಂಗ್ಲಿಷಿನಲ್ಲಿ ಪದವನ್ನು ಬರೆದರೆ ಕನ್ನಡವಾಗಿಸುವ ಕ್ರಮವನ್ನು ವಿಂಡೋಸ್ ೨೦೧೯ರಲ್ಲಿ ಸೇರಿಸಿತು; ಪತ್ರವ್ಯವಹಾರಕ್ಕೆ ಅದು ಸಾಕು, ಹಳಗನ್ನಡದ ಉದ್ಧರಣೆಗಳಿಗೆ ಸಾಲದು. ೧೯೮೬ರಲ್ಲಿ ಭಾರತ ಸರ್ಕಾರ ನಿಗದಿಗೊಳಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸ ಮೊದಮೊದಲು ಕಠಿನವೆನಿಸಿದರೂ, ಹೊರನಾಡಿನ ಕನ್ನಡಿಗರಿಗೆ ಅದರಲ್ಲಿ ಒಂದು ಲಾಭವಿದೆ. ಅದರಲ್ಲಿ ಕನ್ನಡದ ಕಕಾರ ಯಾವ ಕೀಲಿಯಲ್ಲಿದೆಯೋ ಮರಾಠಿಯ, ಹಿಂದಿಯ, ತೆಲುಗಿನ ಕಕಾರವೂ ಅದೇ ಕೀಲಿಯಲ್ಲಿದೆ. ಪುಣೆಯಲ್ಲಿ ಕನ್ನಡವನ್ನೂ ಮರಾಠಿಯನ್ನೂ ಬರೆಯಬೇಕಾದವರು ಬೆರಳುಗಳಿಗೆ ಒಂದೇ ಪಾಠ ಹೇಳಿದರಾಯಿತು. ಆ ಪಾಠಕ್ಕೆ ಮಗುಚುವ ಯಂತ್ರವೇ ಪಟವನ್ನೂ ಒದಗಿಸುತ್ತದೆ: ಹಲಗೆಯಾಗಿಸಿದಾಗ ತೆರೆಯ ಮೇಲೆ ಮೂಡುವ ಕೀಲಿಮಣೆಯಲ್ಲಿ ಕನ್ನಡದ ಅಕ್ಷರಗಳೇ ಇರುತ್ತವೆ.

ಮೊದಲ ದಿನವೇ ಮಾಡಬೇಕಾದ ಇನ್ನೊಂದು ಕೆಲಸವನ್ನು ಬಹುಮಂದಿ ಮರೆಯುತ್ತಾರೆ. ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದ ಅನೇಕ ಯಂತ್ರಗಳಲ್ಲಿ, ಒಳಗಿನ ಸಂಗ್ರಹವೆಲ್ಲ ತಾನಾಗಿ ಗೂಢಲಿಪಿಗೆ ಮಾರ್ಪಡುತ್ತದೆ. ಯಂತ್ರ ಕಳುವಾದರೆ ಇದು ರಕ್ಷೆ. ಆದರೆ ದುರಸ್ತಿಯಲ್ಲಿ ಮುಖ್ಯ ಭಾಗವೊಂದು ಬದಲಾದರೆ ಯಂತ್ರವು ಯಜಮಾನರನ್ನೇ ನಿಲ್ಲಿಸಿ ೪೮ ಅಂಕಿಗಳ ಸಂಖ್ಯೆಯೊಂದನ್ನು ಕೇಳುತ್ತದೆ. ಆ ಸಂಖ್ಯೆ ದೊರೆಯದಿದ್ದರೆ, ಬೇರೆಡೆ ಪ್ರತಿಯಿಲ್ಲದ ಸಂಶೋಧನೆಯೆಲ್ಲ ಒಳಗೇ ಉಳಿದುಹೋದಂತೆ. ಅದು ಆ ಖಾತೆಯಲ್ಲಿ ದಾಖಲಾಗಿರುತ್ತದೆ. ಅಲ್ಲಿಂದ ಕಾಗದಕ್ಕೆ ಇಳಿಸಿ ಮನೆಯ ಪತ್ರಗಳೊಡನೆ ಇಡಬೇಕು. ಬರೆದುದರ ಪ್ರತಿಯೊಂದು ಯಂತ್ರದಿಂದ ಹೊರಗೆ ಇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಳೆಯ ಗಣಕದಿಂದ ತಂದ ಬರಹಗಳ ವಿಚಾರ ಉಳಿಯಿತು. ೧೯೯೮ರಲ್ಲಿ ಬಂದ ‘ಬರಹ’, ಅದರ ಹಿಂದೆಯೇ ಬಂದ ‘ನುಡಿ’ ಇವುಗಳಿಂದ ಹೊರನಾಡಿನ ಸಂಘಗಳ ಎಷ್ಟೋ ಸಂಚಿಕೆಗಳು ಅಚ್ಚಾದವು. ಯೂನಿಕೋಡಿಗೆ ಮುಂಚಿನ ಕ್ರಮದಲ್ಲಿ ಬರೆದವುಗಳಲ್ಲಿ ಕನ್ನಡದ ಅಕ್ಷರ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕುಳಿತಿತ್ತು. ಆ ಅಚ್ಚಿನ ಮೊಳೆಗಳ ಗಣಕರೂಪವಾದ ಫಾಂಟು ಹೊಸ ಯಂತ್ರದಲ್ಲಿ ಇಲ್ಲದಿದ್ದರೆ ಇಪ್ಪತ್ತು ವರ್ಷಗಳ ದುಡಿಮೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಈ ಕೆಲಸವನ್ನು ಹಳೆಯ ಗಣಕ ಇನ್ನೂ ನಡೆಯುತ್ತಿರುವಾಗಲೇ, ಎರಡು ತೆರೆಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡು ಮಾಡಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತೂ ಎರಡು ಒತ್ತುಗಳ ಅಕ್ಷರಗಳೂ ಆಗಾಗ ಸ್ಥಾನ ತಪ್ಪುತ್ತವೆ. ನಡುನಡುವೆ ಬಂದ ಇಂಗ್ಲಿಷ್ ಹೆಸರುಗಳು ಕನ್ನಡದ ಅಕ್ಷರಗಳ ಗೊಂದಲವಾಗಿ ಮಾರ್ಪಡುತ್ತವೆ. ಒಂದೊಂದು ಪುಟದ ಕರಡನ್ನೂ ತಿದ್ದಿ ಮುಗಿಯುವವರೆಗೆ ಮೂಲದ ಕಡತವನ್ನು ಅಳಿಸಬಾರದು.